ಹದಿನೈದು ಸಲಕ್ಕೊಮ್ಮೆ ಬರುವ ರೀಸೆಟ್: ಟ್ರಿಗರ್ ಇಟ್ಟು ಹಿಡಿಯೋದು ಹೇಗೆ?

ಪ್ರಶ್ನೆ: ತೋಟದ ಪಂಪ್‌ಸೆಟ್‌ಗೆ ಇಎಸ್‌ಪಿ32 ಅನ್ನುವ ವೈಫೈ ಚಿಪ್ಪಿನ ಬೋರ್ಡಿನಿಂದ ಒಂದು ಕಂಟ್ರೋಲರ್ ಮಾಡಿದ್ದೇನೆ. ಬೋರ್ಡು 5 ವೋಲ್ಟಿನ ರಿಲೇ ಮಾಡ್ಯೂಲನ್ನು ಆನ್ ಮಾಡುತ್ತದೆ, ಆ ರಿಲೇ ಸ್ಟಾರ್ಟರಿನ ಕಾಂಟ್ಯಾಕ್ಟರನ್ನು, ಅಂದರೆ ಮೋಟಾರಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್ಚನ್ನು, ಎಳೆಯುತ್ತದೆ. ಹತ್ತು ಹದಿನೈದು ಸಲ ಸರಿಯಾಗಿ ನಡೆದು ಒಂದು ಸಲ ಬೋರ್ಡು ರೀಸೆಟ್ ಆಗುತ್ತದೆ. ಇದಕ್ಕಂತಲೇ ರೈಗೋಲ್ ಡಿಎಸ್1054ಝಡ್ ಸ್ಕೋಪ್ (ವೋಲ್ಟಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಆಸಿಲೋಸ್ಕೋಪ್) ತಗೊಂಡೆ. ಚಾನೆಲ್ 1 ಅನ್ನು 3.3 ವೋಲ್ಟ್ ಲೈನಿಗೆ, ಚಾನೆಲ್ 2 ಅನ್ನು ರಿಲೇ ಪಿನ್ನಿಗೆ ಹಾಕಿ ಆಟೋ ಬಟನ್ ಒತ್ತಿದರೆ ಗೆರೆ ಓಡುತ್ತಲೇ ಇರುತ್ತದೆ. ರೀಸೆಟ್ ಆದಾಗ ಏನೋ ಮಿಂಚಿ ಮಾಯವಾಗುತ್ತದೆ. ಟ್ರಿಗರ್ ಮೆನುವಿನಲ್ಲಿ ಇರುವ ಆಯ್ಕೆಗಳನ್ನು ನೋಡಿದರೆ ತಲೆ ತಿರುಗುತ್ತದೆ. ಯಾವುದನ್ನು ಹೇಗೆ ಇಡಬೇಕು?

ಉತ್ತರ: ನಿಮ್ಮ ಸ್ಕೋಪ್ ಸರಿಯಾಗೇ ಇದೆ. ಪ್ರೋಬ್ ಹಾಕಿರುವ ಜಾಗಗಳೂ ಸರಿ. ನಿಮಗೆ ಯಾವ ಕ್ಷಣ ಬೇಕು ಅಂತ ಸ್ಕೋಪಿಗೆ ಇನ್ನೂ ಹೇಳಿಲ್ಲ, ಅಷ್ಟೇ. ಹಾಗೆ ಹೇಳುವ ಜಾಗವೇ ಟ್ರಿಗರ್.

ಮೊದಲು ಆಟೋ ಬಟನ್ ವಿಷಯ ಮುಗಿಸಿಬಿಡೋಣ. ಅದನ್ನು ಒತ್ತಿದಾಗ ಸ್ಕೋಪು ಪದೇ ಪದೇ ಬರುವ ಸಿಗ್ನಲ್ ಯಾವ ಚಾನೆಲ್ಲಿನಲ್ಲಿದೆ ಅಂತ ಹುಡುಕಿ, ಅದಕ್ಕೆ ಹೊಂದುವ ವೋಲ್ಟು, ಅಡ್ಡಕ್ಕೆ ಹೊತ್ತಿನ ಅಳತೆಯಾದ ಟೈಮ್‌ಬೇಸು, ಟ್ರಿಗರು ಎಲ್ಲವನ್ನೂ ತಾನೇ ಇಟ್ಟುಕೊಳ್ಳುತ್ತದೆ. 1 ಕಿಲೋಹರ್ಟ್ಸ್ ಸ್ಕ್ವೇರ್ ವೇವ್ ಇದ್ದರೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ನಿಮ್ಮ 3.3 ವೋಲ್ಟ್ ಲೈನು ಅಂಥದ್ದಲ್ಲ. ಅದು ಗಂಟೆಗಟ್ಟಲೆ ಸುಮ್ನೆ ನೇರವಾಗಿ ಇರುತ್ತದೆ, ಎಲ್ಲೋ ಒಂದು ಸಲ ಕುಸಿಯುತ್ತದೆ. ಅಲ್ಲಿ ಆಟೋಗೆ ಹಿಡಿಯೋಕೆ ಏನೂ ಸಿಗುವುದಿಲ್ಲ. ಮೇಲಾಗಿ ನೀವು ಕೈಯಾರೆ ಇಟ್ಟ ಸೆಟ್ಟಿಂಗನ್ನೆಲ್ಲ ಅಳಿಸಿಹಾಕುತ್ತದೆ. ಈ ಕೆಲಸ ಮುಗಿಯುವ ತನಕ ಆ ಬಟನ್ ಮುಟ್ಟಬೇಡಿ.

ಟ್ರಿಗರ್ ಏನು ಮಾಡುತ್ತದೆ ಅನ್ನೋದಕ್ಕೆ ಜಾತ್ರೆಯ ತಿರುಗೋ ತೊಟ್ಟಿಲನ್ನು ನೆನಪಿಸಿಕೊಳ್ಳಿ. ಅದರಲ್ಲಿ ಒಂದೇ ಒಂದು ಕೆಂಪು ತೊಟ್ಟಿಲು ಇದೆ ಅಂದುಕೊಳ್ಳಿ, ಉಳಿದವೆಲ್ಲ ಹಳದಿ. ಮನಸ್ಸಿಗೆ ಬಂದಾಗೆಲ್ಲ ಫೋಟೋ ತೆಗೆದು ಒಂದರ ಮೇಲೊಂದು ಇಟ್ಟರೆ ಬರೀ ಗಜಿಬಿಜಿ. ಕೆಂಪು ತೊಟ್ಟಿಲು ತುದಿಗೆ ಬಂದಾಗ ಮಾತ್ರ ಕ್ಲಿಕ್ ಮಾಡಿದರೆ ಎಲ್ಲ ಫೋಟೋನೂ ಒಂದೇ ಥರ ಇರುತ್ತದೆ, ತೊಟ್ಟಿಲು ನಿಂತೇ ಇದೆಯೇನೋ ಅನ್ನಿಸುತ್ತದೆ. ಪರದೆ ಮೇಲೆ ವೇವ್‌ಫಾರ್ಮ್ 'ನಿಲ್ಲುವುದು' ಹೀಗೆ. ಸಿಗ್ನಲ್ ಓಡುತ್ತಲೇ ಇರುತ್ತದೆ, ಕ್ಲಿಕ್ ಮಾಡುವ ಕ್ಷಣವನ್ನು ನಾವು ಆರಿಸಿರುತ್ತೇವೆ. ಟೆಕ್ಟ್ರಾನಿಕ್ಸ್ ಕಂಪನಿ 1947ರಲ್ಲಿ ತಂದ 511 ಅನ್ನುವ ಸ್ಕೋಪು ಹೆಸರು ಮಾಡಿದ್ದೇ ಈ ಗುಣದಿಂದ. ಅದಕ್ಕೂ ಮುಂಚಿನ ಸಾಮಾನ್ಯ ಸ್ಕೋಪುಗಳಲ್ಲಿ ಸ್ವೀಪ್ (ಪರದೆಯಲ್ಲಿ ಎಡದಿಂದ ಬಲಕ್ಕೆ ಗೆರೆ ಎಳೆಯುವ ಓಟ) ತನ್ನ ಪಾಡಿಗೆ ತಾನು ಓಡುತ್ತಿತ್ತು, ನಾಬ್ ತಿರುಗಿಸಿ ತಿರುಗಿಸಿ ಅದನ್ನು ಸಿಗ್ನಲ್ಲಿನ ವೇಗಕ್ಕೆ ಹೊಂದಿಸಿಕೊಳ್ಳಬೇಕಿತ್ತು. ಅಪರೂಪಕ್ಕೊಮ್ಮೆ ಬರುವುದನ್ನು ಹಾಗೆ ಹಿಡಿಯುವುದು ಎಷ್ಟು ಕಷ್ಟ ಅಂತ ನೀವೇ ಯೋಚನೆ ಮಾಡಿ.

ಇನ್ನು ನನ್ನ ಮುಖ್ಯ ಮಾತು. ಮೆನು ತೆಗೆಯುವ ಮುಂಚೆ, ಏನು ನೋಡಬೇಕು ಅನ್ನೋದನ್ನು ಕನ್ನಡದಲ್ಲಿ ಒಂದು ವಾಕ್ಯವಾಗಿ ಬರೆದುಕೊಳ್ಳಿ. ನಿಜವಾಗಿ ಕಾಗದದ ಮೇಲೆ ಬರೆಯಿರಿ.

ನನಗೆ ಇದನ್ನು ಹೇಳಿಕೊಟ್ಟವರು ಒಬ್ಬ ಹಿರಿಯ ಟೆಕ್ನಿಷಿಯನ್. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಂಪ್ರೆಸರ್ ಶುರುವಾದಾಗ ರೀಸೆಟ್ ಆಗುವ ಒಂದು ಕಂಟ್ರೋಲ್ ಬೋರ್ಡಿನ ಮುಂದೆ ಮೂರು ದಿನ ಕೂತಿದ್ದೆ. ಸ್ಕೋಪ್ ಆಟೋ ಮೋಡಿನಲ್ಲಿತ್ತು, ನಾನು ರೆಪ್ಪೆ ಬಡಿಯದೆ ಪರದೆ ನೋಡುತ್ತಿದ್ದೆ, ಪ್ರತಿ ಸಲವೂ ಏನೋ ಮಿಂಚಿದ ಹಾಗಾಗಿ ಹೋಗುತ್ತಿತ್ತು. ಅವರು ಬಂದು ಪಕ್ಕದಲ್ಲಿ ನಿಂತು, "ನಿನಗೆ ಏನು ಬೇಕು ಅಂತ ಬಾಯಿಬಿಟ್ಟು ಹೇಳು" ಅಂದರು. "5 ವೋಲ್ಟು ಬೀಳ್ತಾ ಇದೆಯಾ ಅಂತ ನೋಡಬೇಕು" ಅಂದೆ. "ಎಷ್ಟರ ಕೆಳಗೆ ಬಿದ್ದರೆ ನಿನಗೆ ತೊಂದರೆ? ಬಿದ್ದ ಮೇಲಿನದು ಬೇಕಾ, ಬೀಳೋಕೆ ಮುಂಚಿನದು ಬೇಕಾ?" ಅಂತ ಕೇಳಿದರು. ಎರಡಕ್ಕೂ ಉತ್ತರ ಹೇಳೋಕೆ ನಾನು ಸ್ವಲ್ಪ ಹೊತ್ತು ತಗೊಂಡೆ. ಉತ್ತರ ಸಿಕ್ಕ ಮೇಲೆ ಸೆಟ್ಟಿಂಗ್ ಇಡೋಕೆ ಒಂದು ನಿಮಿಷವೂ ಬೇಕಾಗಲಿಲ್ಲ. ಮೂರನೇ ಸಲ ಕಂಪ್ರೆಸರ್ ಆನ್ ಆದಾಗಲೇ ಸಿಕ್ಕಿಬಿತ್ತು.

ನಿಮ್ಮ ಕೆಲಸಕ್ಕೆ ಆ ವಾಕ್ಯ ಹೀಗಿರಬಹುದು: "3.3 ವೋಲ್ಟ್ ಲೈನು 2.9ರ ಕೆಳಗೆ ಇಳಿದ ಮೊದಲ ಕ್ಷಣವನ್ನು ಹಿಡಿ, ಅದಕ್ಕಿಂತ 45 ಮಿಲಿಸೆಕೆಂಡ್ ಮುಂಚಿನಿಂದ ತೋರಿಸು, ಆಮೇಲೆ ಅಲ್ಲಾಡದೆ ನಿಲ್ಲು."

ಇದನ್ನು ಬಿಡಿಸಿ ನೋಡಿ. '3.3 ವೋಲ್ಟ್ ಲೈನು' ಅನ್ನೋದು ಸೋರ್ಸ್, ಅಂದರೆ ಚಾನೆಲ್ 1. 'ಇಳಿದ' ಅನ್ನೋದು ಸ್ಲೋಪ್, ಅಂದರೆ ಫಾಲಿಂಗ್. '2.9' ಲೆವೆಲ್. '45 ಮಿಲಿಸೆಕೆಂಡ್ ಮುಂಚಿನಿಂದ' ಅನ್ನೋದು ಟ್ರಿಗರ್ ಪೊಸಿಷನ್. 'ಮೊದಲ ಕ್ಷಣ', 'ಅಲ್ಲಾಡದೆ ನಿಲ್ಲು' ಅನ್ನೋದು ಸಿಂಗಲ್ ಮೋಡು. ತಲೆ ತಿರುಗಿಸಿದ ಮೆನು ಇಷ್ಟೇ ನೋಡಿ. ಟೈಪ್ ಎಡ್ಜ್ ಇರಲಿ. ಉಳಿದ ಟೈಪುಗಳು ಈಗ ಬೇಡ.

ಈಗ ಒಂದೊಂದನ್ನೇ ಇಡೋಣ. ಅದಕ್ಕೂ ಮುಂಚೆ ಪ್ರೋಬ್ ಮೇಲಿನ ಸ್ವಿಚ್ 10 ಪಟ್ಟಿನಲ್ಲಿ (10X) ಇದ್ದರೆ ಚಾನೆಲ್ ಮೆನುವಿನಲ್ಲೂ 10 ಪಟ್ಟು ಅಂತಲೇ ಇದೆಯಾ ನೋಡಿ. ಎರಡೂ ಬೇರೆ ಬೇರೆ ಇದ್ದರೆ ಪರದೆ ಮೇಲಿನ 2.9 ವೋಲ್ಟು ನಿಜವಾಗಿ 0.29 ಅಥವಾ 29 ಆಗಿರುತ್ತದೆ, ಟ್ರಿಗರ್ ಯಾಕೆ ಬರುತ್ತಿಲ್ಲ ಅಂತ ಹುಡುಕುತ್ತಾ ಅರ್ಧ ದಿನ ಹೋಗುತ್ತದೆ. ಸ್ಕೋಪಿನ ಮುಂದೆ ಇರುವ 1 ಕಿಲೋಹರ್ಟ್ಸ್ ಕೊಕ್ಕೆಗೆ ಪ್ರೋಬ್ ಸಿಕ್ಕಿಸಿ, ಸ್ಕ್ವೇರ್ ವೇವಿನ ಮೂಲೆಗಳು ಚೌಕವಾಗಿ ಬರುವ ತನಕ ಪ್ರೋಬಿನ ಸಣ್ಣ ಸ್ಕ್ರೂ ತಿರುಗಿಸಿ.

ಚಾನೆಲ್ ಕಪ್ಲಿಂಗ್ ಡಿಸಿ ಇರಬೇಕು, ಇದು ಮುಖ್ಯ. ಎಸಿ ಇಟ್ಟರೆ ಸ್ಕೋಪು 3.3 ಅನ್ನೇ ತೆಗೆದುಹಾಕಿ ಏರಿಳಿತವನ್ನು ಮಾತ್ರ ಸೊನ್ನೆಯ ಸುತ್ತ ತೋರಿಸುತ್ತದೆ, ಆಗ 2.9 ಅನ್ನುವ ಲೆವೆಲ್ಲಿಗೆ ಅರ್ಥವೇ ಇರುವುದಿಲ್ಲ. ಟ್ರಿಗರ್ ಮೆನುವಿನಲ್ಲಿ ಬೇರೆಯದೇ ಒಂದು ಕಪ್ಲಿಂಗ್ ಆಯ್ಕೆ ಇದೆ. ಅದನ್ನೂ ಡಿಸಿಗೇ ಇಡಿ. ಎರಡೂ ಒಂದೇ ಅಂತ ಅಂದುಕೊಂಡು ಒಂದನ್ನು ಮಾತ್ರ ಬದಲಿಸಿ ಒದ್ದಾಡುವವರನ್ನು ತುಂಬಾ ನೋಡಿದ್ದೇನೆ. ಮೊದಲನೆಯದು ಪರದೆಗೆ ಬರುವ ಸಿಗ್ನಲ್ಲಿಗೆ, ಎರಡನೆಯದು ಟ್ರಿಗರ್ ಸರ್ಕ್ಯೂಟಿಗೆ ಹೋಗುವ ದಾರಿಗೆ.

ಚಾನೆಲ್ 1ಕ್ಕೆ ಒಂದು ಡಿವಿಷನ್ನಿಗೆ 500 ಮಿಲಿವೋಲ್ಟ್ ಇಡಿ, ಸೊನ್ನೆ ಗೆರೆಯನ್ನು ಪರದೆಯ ತಳದಿಂದ ಒಂದು ಮನೆ ಮೇಲಕ್ಕೆ ತನ್ನಿ. ಇರುವುದು ಎಂಟು ಮನೆ, 3.3 ವೋಲ್ಟಿಗೆ ಆರೂವರೆ ಚಿಲ್ಲರೆ ಬೇಕು, ಸರಿಯಾಗಿ ಕೂರುತ್ತದೆ. ಲೆವೆಲ್ ನಾಬ್ ತಿರುಗಿಸಿದಾಗ ಅಡ್ಡಗೆರೆಯೊಂದು ಬರುತ್ತದೆ ಅಲ್ವಾ, ಅದನ್ನು 2.9ಕ್ಕೆ ನಿಲ್ಲಿಸಿ. ಗಮನ ಇರಲಿ, ಆ ನಾಬನ್ನು ತಪ್ಪಿ ಒತ್ತಿದರೆ ಲೆವೆಲ್ ಸೊನ್ನೆಗೆ ಹೋಗುತ್ತದೆ.

2.9 ಯಾಕೆ? ಇಎಸ್‌ಪಿ32 ಮಾಡ್ಯೂಲಿಗೆ ಬೇಕಾಗಿರುವುದು 3.0ರಿಂದ 3.6 ವೋಲ್ಟು. ಅದರೊಳಗಿನ ಬ್ರೌನ್‌ಔಟ್ ಕಾವಲು, ಅಂದರೆ ವೋಲ್ಟು ಕುಸಿದದ್ದನ್ನು ಗಮನಿಸುವ ಸರ್ಕ್ಯೂಟು, ಬೋರ್ಡನ್ನು ರೀಸೆಟ್ ಮಾಡುವುದು ಸುಮಾರು 2.4 ವೋಲ್ಟಿನ ಹತ್ತಿರ. 2.9 ಇಟ್ಟರೆ ರೀಸೆಟ್ ಆಗದೆ ತಪ್ಪಿಸಿಕೊಂಡ ಕುಸಿತಗಳೂ ಸಿಗುತ್ತವೆ. ಅವು ನಿಮಗೆ ಬೇಕು, ಯಾಕಂದರೆ ಹದಿನೈದು ಸಲ ಕಾಯುವ ಬದಲು ನಾಲ್ಕನೇ ಸಲಕ್ಕೇ ಸುಳಿವು ಸಿಗಬಹುದು. ವೈಫೈ ಕಳುಹಿಸುವಾಗ ಈ ಚಿಪ್ಪು 240 ಮಿಲಿಆಂಪಿನ ಆಸುಪಾಸು ಎಳೆಯುತ್ತದೆ, ಆಗ ಲೈನು ಸ್ವಲ್ಪ ತಗ್ಗುವುದು ಸಹಜ. ಆ ಸಣ್ಣ ತಗ್ಗಿಗೇ ಟ್ರಿಗರ್ ಆಗುತ್ತಿದ್ದರೆ 2.7ಕ್ಕೆ ಇಳಿಸಿ. ನಾಯ್ಸ್ ರಿಜೆಕ್ಟ್ ಅನ್ನೋ ಆಯ್ಕೆಯೂ ಇದೆ. ಗೆರೆ ಲೆವೆಲ್ಲಿನ ಆಚೀಚೆ ಸಣ್ಣದಾಗಿ ಅಲ್ಲಾಡಿದರೆ ಲೆಕ್ಕಕ್ಕಿಲ್ಲ, ದಪ್ಪಗೆ ದಾಟಿದರೆ ಮಾತ್ರ ಲೆಕ್ಕ ಅಂತ ಅದರ ಅರ್ಥ. ಮೊದಲ ಸುತ್ತಿನಲ್ಲಿ ಅದನ್ನು ಆಫ್ ಇಡಿ.

ಮೋಡಿನ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡುತ್ತೇನೆ, ನಿಮ್ಮ ತೊಂದರೆಯ ಬೇರು ಇಲ್ಲೇ ಇದೆ. ಟ್ರಿಗರ್ ಮೋಡ್ ಆಟೋದಲ್ಲಿದ್ದಾಗ (ಇದು ಮೇಲೆ ಹೇಳಿದ ಆಟೋ ಬಟನ್ ಅಲ್ಲ, ಬೇರೆ ಆಯ್ಕೆ) ಸ್ಕೋಪು ನೀವು ಹೇಳಿದ ಕ್ಷಣಕ್ಕಾಗಿ ಸ್ವಲ್ಪವೇ ಹೊತ್ತು ಕಾಯುತ್ತದೆ. ಬರಲಿಲ್ಲ ಅಂದರೆ ತಾನೇ ಕ್ಲಿಕ್ ಮಾಡಿ ಏನಿದೆಯೋ ಅದನ್ನು ತೋರಿಸುತ್ತದೆ. ಪ್ರೋಬ್ ಸರಿಯಾಗಿ ಹತ್ತಿದೆಯಾ, ವೋಲ್ಟು ಎಷ್ಟಿದೆ ಅಂತ ನೋಡೋಕೆ ಇದು ಅನುಕೂಲ. ಆದರೆ ನಿಮ್ಮ ಕುಸಿತ ಬಂದಾಗಲೂ ಅದು ಪರದೆಯಲ್ಲಿ ಇರುವುದು ಒಂದು ಗಳಿಗೆ ಮಾತ್ರ, ಮರುಕ್ಷಣವೇ ಸ್ಕೋಪು ಹೊಸ ಗೆರೆ ಎಳೆದು ಅದನ್ನು ಮುಚ್ಚಿಬಿಡುತ್ತದೆ. ನೀವು ನೋಡಿದ 'ಮಿಂಚಿ ಮಾಯ' ಅನ್ನೋದು ಇದೇ. ನಾರ್ಮಲ್ ಮೋಡಿನಲ್ಲಿ ಸ್ಕೋಪು ತಾನಾಗಿ ಕ್ಲಿಕ್ ಮಾಡುವುದೇ ಇಲ್ಲ. ಹೇಳಿದ ಕ್ಷಣ ಬರುವ ತನಕ ಹಳೇ ಚಿತ್ರವನ್ನೇ ಇಟ್ಟುಕೊಂಡಿರುತ್ತದೆ, ಬಂದಾಗ ಹೊಸದನ್ನು ಹಾಕುತ್ತದೆ. ಸಿಂಗಲ್ ಅಂದರೆ ಒಂದೇ ಸಲ ಹಿಡಿದು ನಿಂತುಬಿಡುವುದು. ಬೋರ್ಡು ರೀಸೆಟ್ ಆದ ಮೇಲೆ ರಿಲೇ ಬಿಡುತ್ತದೆ, ಕಾಂಟ್ಯಾಕ್ಟರ್ ಬಿಡುತ್ತದೆ, ಲೈನು ಮತ್ತೆ ಅಲ್ಲಾಡಬಹುದು. ನಾರ್ಮಲ್ಲಿನಲ್ಲಿದ್ದರೆ ಆ ಎರಡನೇ ಅಲ್ಲಾಟ ಮೊದಲನೆಯದನ್ನು ಅಳಿಸಿಬಿಡುತ್ತದೆ. ನಿಮಗೆ ಬೇಕಾಗಿರುವುದು ಮೊದಲನೆಯದು, ಹಾಗಾಗಿ ಸಿಂಗಲ್.

ಸಿಂಗಲ್ ಒತ್ತಿದ ಮೇಲೆ ಪರದೆಯ ಮೇಲುಗಡೆ ಮೂಲೆಯಲ್ಲಿ 'ವೇಟ್' ಅಂತ ಬರಬೇಕು. ಸಿಕ್ಕಿಬಿದ್ದಾಗ 'ಸ್ಟಾಪ್' ಆಗುತ್ತದೆ. ಆ ಪದದ ಮೇಲೆ ಒಂದು ಕಣ್ಣಿಡುವ ಅಭ್ಯಾಸ ಮಾಡಿಕೊಳ್ಳಿ. ಎಷ್ಟೋ ಜನ ಗೆರೆಯನ್ನು ಮಾತ್ರ ನೋಡುತ್ತಾರೆ, ಆ ಪದವನ್ನು ಓದುವುದೇ ಇಲ್ಲ. ಅಲ್ಲಿ 'ಆಟೋ' ಅಂತ ಇದ್ದರೆ ನೀವು ನೋಡುತ್ತಿರುವ ಗೆರೆ ಟ್ರಿಗರ್ ಇಲ್ಲದೆ ಬಂದದ್ದು.

ಈಗ 45 ಮಿಲಿಸೆಕೆಂಡ್ ಲೆಕ್ಕ. ಡಿಜಿಟಲ್ ಸ್ಕೋಪಿನ ದೊಡ್ಡ ವರ ಇದು. ಅದು ಟ್ರಿಗರ್‌ಗೆ ಕಾಯುತ್ತಿರುವಾಗಲೂ ಸುಮ್ನೆ ಕೂತಿರುವುದಿಲ್ಲ, ಮೆಮೊರಿಗೆ ಬರೆಯುತ್ತಲೇ ಇರುತ್ತದೆ, ತುಂಬಿದರೆ ಹಳೆಯದರ ಮೇಲೆ ಬರೆಯುತ್ತದೆ. ಟ್ರಿಗರ್ ಬಂದಾಗ ಅದಕ್ಕೆ ಮುಂಚಿನ ಭಾಗ ಅದರ ಕೈಯಲ್ಲಿ ಆಗಲೇ ಇರುತ್ತದೆ. ಹಳೇ ಅನಲಾಗ್ ಸ್ಕೋಪಿನಲ್ಲಿ ಟ್ರಿಗರ್ ಆದ ಮೇಲಿನದನ್ನು ಮಾತ್ರ ನೋಡಬಹುದಿತ್ತು, ಹಿಂದಿನದು ಅಂದರೆ ಹೆಚ್ಚೆಂದರೆ ಸಿಗ್ನಲ್ಲನ್ನು ಸ್ವಲ್ಪ ತಡಮಾಡುವ ಡಿಲೇ ಲೈನ್ ಉಳಿಸಿಕೊಟ್ಟ ಚೂರು. ನಿಮಗೆ ಕುಸಿತಕ್ಕಿಂತ ಕುಸಿತದ ಕಾರಣ ಬೇಕು, ಕಾರಣ ಯಾವಾಗಲೂ ಹಿಂದೆಯೇ ಇರುತ್ತದೆ.

ಟೈಮ್‌ಬೇಸ್ ಒಂದು ಡಿವಿಷನ್ನಿಗೆ 5 ಮಿಲಿಸೆಕೆಂಡ್ ಇಡಿ. ಈ ಸ್ಕೋಪಿನಲ್ಲಿ ಅಡ್ಡಕ್ಕೆ 12 ಮನೆ, ಒಟ್ಟು 60 ಮಿಲಿಸೆಕೆಂಡ್. ಹಾರಿಜಾಂಟಲ್ ಪೊಸಿಷನ್ ನಾಬ್ ತಿರುಗಿಸಿ ಟ್ರಿಗರ್ ಗುರುತನ್ನು ಬಲಗಡೆಗೆ, ಬಲ ಅಂಚಿನಿಂದ ಮೂರು ಮನೆ ಬಿಟ್ಟು ನಿಲ್ಲಿಸಿ. ಎಡಗಡೆ 45, ಬಲಗಡೆ 15 ಮಿಲಿಸೆಕೆಂಡ್. ಎರಡು ಚಾನೆಲ್ ಆನ್ ಇದ್ದಾಗ ಒಂದೊಂದಕ್ಕೆ ಕಡಿಮೆ ಅಂದರೂ 60 ಲಕ್ಷ ಪಾಯಿಂಟ್ ಮೆಮೊರಿ ಸಿಗುತ್ತದೆ, 60 ಮಿಲಿಸೆಕೆಂಡಿಗೆ ಹಂಚಿದರೆ 10 ನ್ಯಾನೋಸೆಕೆಂಡಿಗೆ ಒಂದು ಪಾಯಿಂಟು. ಹಿಡಿದ ಮೇಲೆ ಝೂಮ್ ಮಾಡಿ ಮೈಕ್ರೋಸೆಕೆಂಡ್ ಮಟ್ಟಕ್ಕೆ ಇಳಿದರೂ ವಿವರ ಇರುತ್ತದೆ. ಮೆಮೊರಿ ಡೆಪ್ತ್ ಚಿಕ್ಕದಕ್ಕೆ ಇಟ್ಟಿದ್ದರೆ ಈ ವಿವರ ಇರುವುದಿಲ್ಲ, ಹಾಗಾಗಿ ಅದನ್ನು ದೊಡ್ಡದಕ್ಕೆ ಹಾಕಿ. ಸಾಧ್ಯವಾದರೆ ಚಾನೆಲ್ 3 ಅನ್ನು 5 ವೋಲ್ಟ್ ಲೈನಿಗೆ ಹಾಕಿ. ಮೆಮೊರಿ ಅರ್ಧವಾಗುತ್ತದೆ, ಪಾಯಿಂಟಿಗೆ 20 ನ್ಯಾನೋಸೆಕೆಂಡ್, ಪರವಾಗಿಲ್ಲ. ಟೈಮ್‌ಬೇಸನ್ನು ತೀರಾ ನಿಧಾನಕ್ಕೆ ಮಾತ್ರ ಇಡಬೇಡಿ. ಎಷ್ಟೋ ಸ್ಕೋಪುಗಳು ಆಗ ರೋಲ್ ಮೋಡಿಗೆ ಹೋಗಿ ಗೆರೆ ಸುಮ್ನೆ ಬಲದಿಂದ ಎಡಕ್ಕೆ ಹರಿಯುತ್ತದೆ, ಅಲ್ಲಿ ಟ್ರಿಗರ್‌ಗೆ ಕೆಲಸವಿಲ್ಲ.

ಮುಂದೆ ಹೋಗುವ ಮುನ್ನ ದಯವಿಟ್ಟು ಇದನ್ನು ಎರಡು ಸಲ ಓದಿ. ನಿಮ್ಮ ಸ್ಕೋಪಿನ ಪ್ರೋಬಿನ ಗ್ರೌಂಡ್ ಕ್ಲಿಪ್ಪು ನೇರವಾಗಿ ಮೇನ್ಸ್ ಅರ್ಥಿಂಗಿಗೆ ಸೇರಿದೆ. ಸ್ಟಾರ್ಟರ್ ಕಡೆಯ ಯಾವ ತಂತಿಗೂ ಆ ಕ್ಲಿಪ್ ಹಾಕಬೇಡಿ. ಹಾಕಿದರೆ ಶಾರ್ಟ್ ಆಗಿ ಕಿಡಿ ಹಾರುತ್ತದೆ, ಸ್ಕೋಪ್ ಹೋಗುತ್ತದೆ, ನಿಮ್ಮ ಜೀವಕ್ಕೂ ಅಪಾಯ. ಸ್ಕೋಪಿನ ಪ್ಲಗ್ಗಿನ ಅರ್ಥ್ ಪಿನ್ ಬಿಡಿಸಿ 'ತೇಲಿಸುವ' ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ, ಆಗ ಸ್ಕೋಪಿನ ಲೋಹದ ಭಾಗಗಳಿಗೇ ಕರೆಂಟು ಬಂದು ಕೂರುತ್ತದೆ. ಕಾಂಟ್ಯಾಕ್ಟರ್ ಯಾವಾಗ ಎಳೆಯಿತು ಅಂತ ತಿಳಿಯಬೇಕಿದ್ದರೆ ಅದರ ಜೊತೆಗೇ ಕೂಡುವ, ಖಾಲಿ ಇರುವ ಆಕ್ಸಿಲರಿ ಕಾಂಟ್ಯಾಕ್ಟಿನ ಮೂಲಕ, ಕರೆಂಟ್ ಪೂರ್ತಿ ತೆಗೆದು, ಬ್ಯಾಟರಿಯ 5 ವೋಲ್ಟು ಹಾಯಿಸಿ ಅದನ್ನು ನೋಡಿ. 230 ವೋಲ್ಟನ್ನೇ ನೋಡಲೇಬೇಕಾದರೆ ಅದಕ್ಕೆ ಡಿಫರೆನ್ಷಿಯಲ್ ಪ್ರೋಬ್ (ಯಾವ ತಂತಿಯನ್ನೂ ಅರ್ಥಿಂಗಿಗೆ ಸೇರಿಸದೆ ಎರಡು ತಂತಿಗಳ ನಡುವಿನ ವೋಲ್ಟು ತೋರಿಸುವ ಪ್ರೋಬ್) ಬೇಕು. ಇನ್ನೊಂದು ಸಣ್ಣ ವಿಷಯ, ಪರೀಕ್ಷೆ ಮಾಡುವಾಗ ಬೋರ್ಡಿಗೆ ಲ್ಯಾಪ್‌ಟಾಪಿನ ಯುಎಸ್‌ಬಿ ಹಾಕಿಡಬೇಡಿ. ಅದೂ ಕರೆಂಟ್ ಕೊಟ್ಟು ತೊಂದರೆಯೇ ಮುಚ್ಚಿಹೋಗಬಹುದು.

ಇನ್ನು ಪಂಪ್ ಆನ್ ಆಫ್ ಮಾಡುತ್ತಾ ಹೋಗಿ. 'ಸ್ಟಾಪ್' ಬಂತಾ? ಈಗ ನೋಡಬೇಕಾದದ್ದು ಚಾನೆಲ್ 2ರಲ್ಲಿ ರಿಲೇ ಪಿನ್ ಏರಿದ್ದು ಎಲ್ಲಿ, ಚಾನೆಲ್ 1 ಕುಸಿದದ್ದು ಎಲ್ಲಿ, ನಡುವೆ ಎಷ್ಟು ಹೊತ್ತು ಅನ್ನೋದು. 45 ಮಿಲಿಸೆಕೆಂಡ್ ಇಟ್ಟದ್ದು ಇದಕ್ಕೇ.

ಪಿನ್ ಏರಿದ ಮರುಕ್ಷಣವೇ, ಒಂದು ಮಿಲಿಸೆಕೆಂಡಿನೊಳಗೇ ಕುಸಿತ ಇದ್ದರೆ ರಿಲೇ ಕಾಯಿಲ್ ಮೇಲೆ ಅನುಮಾನ. ಈ ನೀಲಿ ಡಬ್ಬಿಯ 5 ವೋಲ್ಟ್ ರಿಲೇಗಳ ಕಾಯಿಲ್ 70 ಓಮ್, ಅಂದರೆ 70 ಮಿಲಿಆಂಪಿನ ಸುಮಾರು. ಅಷ್ಟಕ್ಕೇ ಬೀಳುತ್ತದೆ ಅಂದರೆ ಅಡಾಪ್ಟರ್ ಸೋತಿದೆ ಅಥವಾ ಬೋರ್ಡಿಗೆ ಬರುವ ವೈರು ತೀರಾ ಸಣ್ಣದು.

ಐದರಿಂದ ಹತ್ತು ಮಿಲಿಸೆಕೆಂಡ್ ಆದ ಮೇಲೆ ಬಿದ್ದರೆ, ಅದು ರಿಲೇಯ ಕಾಂಟ್ಯಾಕ್ಟ್ ಕೂಡುವ ಹೊತ್ತು. ಕಾಂಟ್ಯಾಕ್ಟರಿನ ಕಾಯಿಲಿಗೆ 230 ವೋಲ್ಟು ತಟ್ಟುವ ಕ್ಷಣ. ಇಪ್ಪತ್ತು ಮೂವತ್ತು ಮಿಲಿಸೆಕೆಂಡ್ ಆದ ಮೇಲೆ, ಅದೂ 5 ವೋಲ್ಟ್ ಲೈನು ಮೊದಲು ನಿಧಾನವಾಗಿ ಇಳಿದು ಅದರ ಹಿಂದೆ 3.3 ಇಳಿದಿದ್ದರೆ, ಕಾಂಟ್ಯಾಕ್ಟರ್ ಕೂತು ಮೋಟಾರು ಎದ್ದಿದೆ ಅಂತ. ಮೋಟಾರು ಏಳುವಾಗ ಓಡುವ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ, ಹಳ್ಳಿಯ ಲೈನಿನಲ್ಲಿ ವೋಲ್ಟೇಜು ಮೊದಲೇ ಕಡಿಮೆ ಇದ್ದರೆ ಅಡಾಪ್ಟರು ಕೈಬಿಡುತ್ತದೆ. ಬೋರ್ಡಿನಲ್ಲಿ 5 ವೋಲ್ಟನ್ನು 3.3ಕ್ಕೆ ಇಳಿಸುವ ಎಎಂಎಸ್1117 ರೆಗ್ಯುಲೇಟರ್ ಇದ್ದರೆ ಅದಕ್ಕೆ ಬರುವ, ಅದರಿಂದ ಹೊರಡುವ ವೋಲ್ಟುಗಳ ನಡುವೆ ಒಂದು ವೋಲ್ಟಿನಷ್ಟು ಅಂತರ ಬೇಕು, 5 ವೋಲ್ಟು ನಾಲ್ಕೂಕಾಲಿಗೆ ಬಂದರೆ 3.3 ಕಾಪಾಡೋಕೆ ಅದರ ಕೈಲಾಗುವುದಿಲ್ಲ. ಆಗ ಬೇಕಾದದ್ದು ಒಳ್ಳೆ ಅಡಾಪ್ಟರು, 5 ವೋಲ್ಟಿಗೆ ದೊಡ್ಡ ಕೆಪ್ಯಾಸಿಟರು.

ಪಂಪ್ ಆಫ್ ಮಾಡುವಾಗ ಮಾತ್ರ ರೀಸೆಟ್ ಆಗುತ್ತಿದ್ದರೆ ಕಥೆ ಬೇರೆ. ಕಾಂಟ್ಯಾಕ್ಟರ್ ಕಾಯಿಲಿನ ಕರೆಂಟನ್ನು ರಿಲೇ ಕತ್ತರಿಸುವಾಗ ಕಾಂಟ್ಯಾಕ್ಟಿನಲ್ಲಿ ಕಿಡಿ ಹಾರಿ ಸುತ್ತಲಿನ ತಂತಿಗಳಿಗೆಲ್ಲ ಸ್ಪೈಕು ಹರಡುತ್ತದೆ. ಹದಿನೈದು ಸಲಕ್ಕೊಮ್ಮೆ ಮಾತ್ರ ಯಾಕೆ ಅಂತ ಇಲ್ಲಿ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ 50 ಹರ್ಟ್ಸ್ ಕರೆಂಟಿನ ಒಂದು ಸುತ್ತು 20 ಮಿಲಿಸೆಕೆಂಡ್. ರಿಲೇ ಅದರ ಯಾವ ಜಾಗದಲ್ಲಿ ಬಿಡುತ್ತದೆ ಅನ್ನೋದು ಪ್ರತಿ ಸಲವೂ ಬೇರೆ. ಕಾಯಿಲಿನ ಕರೆಂಟು ಸೊನ್ನೆಯ ಹತ್ತಿರ ಇದ್ದಾಗ ಬಿಟ್ಟರೆ ಏನೂ ಆಗುವುದಿಲ್ಲ, ತುದಿಯಲ್ಲಿದ್ದಾಗ ಬಿಟ್ಟರೆ ಕಿಡಿ ಜೋರು. ಆನ್ ಮಾಡುವಾಗಲೂ ಹೀಗೇ, ವೋಲ್ಟೇಜ್ ಸೊನ್ನೆಯಲ್ಲಿರಬಹುದು, 325 ವೋಲ್ಟಿನ ತುದಿಯಲ್ಲೂ ಇರಬಹುದು. ಇದಕ್ಕೆ ಮದ್ದು ಕಾಂಟ್ಯಾಕ್ಟರ್ ಕಾಯಿಲಿನ ಎರಡು ತುದಿಗೆ ಅಡ್ಡಲಾಗಿ ಸ್ನಬ್ಬರ್, ಅಂದರೆ 0.1 ಮೈಕ್ರೋಫ್ಯಾರಡ್ಡಿನ ಎಕ್ಸ್2 (ಮೇನ್ಸಿಗೆ ಅಡ್ಡಲಾಗಿ ಹಾಕಲೆಂದೇ ಮಾಡಿದ) ಕೆಪ್ಯಾಸಿಟರ್, ಅದರ ಸರಣಿಯಲ್ಲಿ 100 ಓಮ್ ರೆಸಿಸ್ಟರ್. ಜೋಡಿಸಿಯೇ ಮಾರುತ್ತಾರೆ, ಅದನ್ನೇ ತಗೊಳ್ಳಿ.

ಆದರೆ 3.3 ಬೀಳುವುದೇ ಇಲ್ಲ, ಬೋರ್ಡು ಮಾತ್ರ ರೀಸೆಟ್ ಆಯಿತು, ಸ್ಕೋಪ್ ಇನ್ನೂ 'ವೇಟ್' ಅಂತ ಕೂತಿದೆ ಅಂದರೆ? ಇದು ಸೋಲಲ್ಲ, ಒಳ್ಳೇ ಉತ್ತರವೇ. ಪವರ್ ತಪ್ಪಿತಸ್ಥ ಅಲ್ಲ ಅಂತ ಗೊತ್ತಾಯಿತು. ವಾಕ್ಯ ಬದಲಿಸಿ: "ಇಎನ್ ಪಿನ್ 1.6ರ ಕೆಳಗೆ ಇಳಿದ ಕ್ಷಣ." ಇಎನ್ ಅನ್ನೋದು ಬೋರ್ಡಿನ ರೀಸೆಟ್ ಪಿನ್ನು, ಅದು ಕೆಳಗೆ ಇಳಿದರೆ ಬೋರ್ಡು ರೀಸೆಟ್ ಆಗುತ್ತದೆ. ಪ್ರೋಬನ್ನು ಆ ಪಿನ್ನಿಗೆ ಹಾಕಿ, ಅದನ್ನೇ ಸೋರ್ಸ್ ಮಾಡಿ. ರೀಸೆಟ್ ಬಟನ್ನಿಗೆ ಅಂತ ಪ್ಯಾನೆಲ್ಲಿನ ತನಕ ಉದ್ದ ವೈರು ಎಳೆದಿದ್ದರೆ ಅದು ಆಂಟೆನಾ ಥರ ಕಿಡಿಯ ಸ್ಪೈಕನ್ನೆಲ್ಲ ಹೀರಿಕೊಳ್ಳುತ್ತದೆ. ಸೀರಿಯಲ್ ಲಾಗನ್ನೂ ಎಲ್ಲಾದರೂ ಉಳಿಸಿಟ್ಟು ನೋಡಿ, ವೋಲ್ಟು ಬಿದ್ದು ಆದ ರೀಸೆಟ್ಟಾದರೆ 'ಬ್ರೌನ್‌ಔಟ್ ಡಿಟೆಕ್ಟರ್ ವಾಸ್ ಟ್ರಿಗರ್ಡ್' ಅಂತ ಬೋರ್ಡೇ ಬರೆದಿರುತ್ತದೆ.

ಒಂದು ಎಚ್ಚರಿಕೆ. ಕಿಡಿ ಹಾರುವ ಕಡೆ ಸ್ಕೋಪಿನಲ್ಲಿ ಕಾಣುವ ಸ್ಪೈಕೆಲ್ಲ ಬೋರ್ಡಿನಲ್ಲಿ ಇದ್ದೇ ಇರುತ್ತದೆ ಅಂತಲ್ಲ. ಗ್ರೌಂಡ್ ಕ್ಲಿಪ್ಪಿನ ಆ ಗೇಣುದ್ದದ ವೈರೇ ಒಂದು ಲೂಪ್ ಆಗಿ ಗಾಳಿಯಿಂದ ಸ್ಪೈಕ್ ಹಿಡಿಯುತ್ತದೆ. ಪರೀಕ್ಷೆ ಸುಲಭ. ಪ್ರೋಬಿನ ತುದಿಯನ್ನೂ ಗ್ರೌಂಡ್ ಕ್ಲಿಪ್ಪನ್ನೂ ಬೋರ್ಡಿನ ಒಂದೇ ಗ್ರೌಂಡ್ ಪಾಯಿಂಟಿಗೆ ಹಾಕಿ ಪಂಪ್ ಆಫ್ ಮಾಡಿ. ಎರಡೂ ಒಂದೇ ಜಾಗ, ಏನೂ ಕಾಣಬಾರದು. ಆದರೂ ಅದೇ ಸ್ಪೈಕ್ ಬಂದರೆ ನೀವು ಇಷ್ಟು ಹೊತ್ತು ನೋಡಿದ್ದರಲ್ಲಿ ದೊಡ್ಡ ಪಾಲು ಪ್ರೋಬ್ ಹಿಡಿದದ್ದೇ. ಆಗ ಉದ್ದ ವೈರು ತೆಗೆದು ಪ್ರೋಬಿನ ಜೊತೆ ಬಂದಿರುವ ಸಣ್ಣ ಸ್ಪ್ರಿಂಗನ್ನು ಗ್ರೌಂಡಿಗೆ ಬಳಸಿ. ಈ ಪರೀಕ್ಷೆ ಮಾಡದೆ ಸ್ಪೈಕಿನ ಹಿಂದೆ ಬಿದ್ದರೆ ಇಲ್ಲದ ರೋಗಕ್ಕೆ ಮದ್ದು ಹುಡುಕಿದ ಹಾಗೆ.

ಉಳಿದ ಆಯ್ಕೆಗಳ ಬಗ್ಗೆಯೂ ಕೇಳಿದ್ದೀರಿ, ಚುಟುಕಾಗಿ ಹೇಳುತ್ತೇನೆ. ಪಲ್ಸ್ ಟೈಪು, ಪಲ್ಸಿನ ಅಗಲ ನೋಡಿ ಹಿಡಿಯುತ್ತದೆ. ಬಟನ್ ಒತ್ತಿದರೆ ಇಎನ್ ಎಷ್ಟೋ ಮಿಲಿಸೆಕೆಂಡ್ ಕೆಳಗಿರುತ್ತದೆ, ಗ್ಲಿಚ್ಚಾದರೆ ಮೈಕ್ರೋಸೆಕೆಂಡುಗಳು. '10 ಮೈಕ್ರೋಸೆಕೆಂಡಿಗಿಂತ ಸಣ್ಣ ನೆಗೆಟಿವ್ ಪಲ್ಸ್' ಅಂತ ಇಟ್ಟರೆ ಬಟನ್ ಒತ್ತಿದ್ದು ಲೆಕ್ಕಕ್ಕೆ ಬರುವುದಿಲ್ಲ. ರಂಟ್ ಅಂದರೆ ಅರ್ಧಕ್ಕೇ ಏರಿ ವಾಪಸ್ ಬಿದ್ದ ಪಲ್ಸ್, ಎರಡು ಸಿಗ್ನಲ್ ಒಂದೇ ತಂತಿಗೆ ಹೊಡೆದಾಡುವಾಗ ಸಿಗುತ್ತದೆ. ವಿಡಿಯೋ ನಿಮಗೆ ಬೇಡ.

ಹೋಲ್ಡಾಫ್ ಮಾತ್ರ ಚೆನ್ನಾಗಿ ತಿಳಿದುಕೊಳ್ಳಿ. ಮತ್ತೆ ತೊಟ್ಟಿಲಿಗೆ ಹೋಗೋಣ. ಒಂದೇ ಕೆಂಪು ತೊಟ್ಟಿಲ ಬದಲು ಸಾಲಾಗಿ ನಾಲ್ಕು ಕೆಂಪು ಇದ್ದರೆ? ಕ್ಯಾಮೆರಾ ಒಮ್ಮೆ ಮೊದಲನೆಯದಕ್ಕೆ, ಒಮ್ಮೆ ಮೂರನೆಯದಕ್ಕೆ ಕ್ಲಿಕ್ ಮಾಡುತ್ತದೆ, ಚಿತ್ರ ಕುಣಿಯುತ್ತದೆ. ಲೆವೆಲ್ ಎಷ್ಟು ತಿರುಗಿಸಿದರೂ ನಿಲ್ಲುವುದಿಲ್ಲ, ಯಾಕಂದರೆ ನಾಲ್ಕೂ ಕೆಂಪೇ. 'ಒಂದು ಕ್ಲಿಕ್ ಆದ ಮೇಲೆ ಇಷ್ಟು ಹೊತ್ತು ಕಣ್ಣು ಮುಚ್ಚಿಕೋ' ಅನ್ನೋದೇ ಹೋಲ್ಡಾಫ್. ಸೆನ್ಸರಿನಿಂದ 9600 ಬಾಡಿನಲ್ಲಿ, ಅಂದರೆ ಸೆಕೆಂಡಿಗೆ 9600 ಬಿಟ್ಟಿನ ವೇಗದಲ್ಲಿ, 20 ಬೈಟಿನ ಪ್ಯಾಕೆಟ್ ಬರುತ್ತಿದೆ ಅನ್ನಿ. ಒಂದು ಬಿಟ್ 104 ಮೈಕ್ರೋಸೆಕೆಂಡ್, ಸ್ಟಾರ್ಟ್ ಸ್ಟಾಪ್ ಸೇರಿ ಬೈಟಿಗೆ 10 ಬಿಟ್, ಪ್ಯಾಕೆಟ್ಟಿಗೆ ಸುಮಾರು 21 ಮಿಲಿಸೆಕೆಂಡ್. ಆಮೇಲೆ 100 ಮಿಲಿಸೆಕೆಂಡ್ ಮೌನ. ಹೋಲ್ಡಾಫ್ 30 ಮಿಲಿಸೆಕೆಂಡ್ ಇಡಿ. ಸ್ಕೋಪು ಪ್ಯಾಕೆಟ್ಟಿನ ನಡುವೆ ಎಲ್ಲೇ ಮೊದಲ ಸಲ ಸಿಕ್ಕಿಹಾಕಿಕೊಂಡರೂ ಕಣ್ಣು ಬಿಡುವ ಹೊತ್ತಿಗೆ ಮೌನದಲ್ಲಿರುತ್ತದೆ, ಮುಂದೆ ಕಾಣುವುದು ಹೊಸ ಪ್ಯಾಕೆಟ್ಟಿನ ಮೊದಲ ಬಿಟ್ಟೇ. ಕುಣಿತ ಅಲ್ಲಿಗೆ ನಿಲ್ಲುತ್ತದೆ. ನಿಮ್ಮ ಈಗಿನ ಕೆಲಸಕ್ಕೆ ಮಾತ್ರ ಹೋಲ್ಡಾಫನ್ನು ಇರುವಷ್ಟು ಸಣ್ಣದಕ್ಕೆ ಬಿಟ್ಟುಬಿಡಿ.

"ಗೆರೆಯನ್ನು ಪರ್ಸಿಸ್ಟೆನ್ಸ್‌ನಲ್ಲಿ ಬಿಟ್ಟು ರಾತ್ರಿಯಿಡೀ ಓಡಿಸಿದರೆ ಸಾಲದಾ" ಅಂತ ಕೆಲವರು ಕೇಳುತ್ತಾರೆ. ಪರ್ಸಿಸ್ಟೆನ್ಸ್ ಅಂದರೆ ಹಳೇ ಗೆರೆಗಳು ಅಳಿಯದೆ ಪರದೆ ಮೇಲೇ ಉಳಿಯುವುದು. ಸಾಲದು. ಸ್ಕೋಪು ಎಲ್ಲವನ್ನೂ ನೋಡುತ್ತಿರುವುದಿಲ್ಲ. ಒಂದು ಚಿತ್ರ ಹಿಡಿದು, ಅದನ್ನು ಬಿಡಿಸಿ, ಮತ್ತೆ ತಯಾರಾಗುವ ತನಕ ಕುರುಡು. ಸೆಕೆಂಡಿಗೆ 30,000 ಚಿತ್ರ ಹಿಡಿಯುತ್ತದೆ ಅಂತಲೇ ಇಟ್ಟುಕೊಳ್ಳಿ, ಒಂದೊಂದು 12 ಮೈಕ್ರೋಸೆಕೆಂಡಿನದು. ಗುಣಿಸಿದರೆ 0.36 ಸೆಕೆಂಡ್. ಒಂದು ಸೆಕೆಂಡಿನಲ್ಲಿ ಮೂರನೇ ಎರಡು ಭಾಗದಷ್ಟು ಹೊತ್ತು ಅದು ಏನನ್ನೂ ನೋಡಿಲ್ಲ. ಸರಿಯಾದ ಲೆವೆಲ್ ಇಟ್ಟು ಸಿಂಗಲ್ಲಿನಲ್ಲಿ ಕಾಯುವ ಸ್ಕೋಪಿಗೆ ಈ ಕುರುಡು ಇಲ್ಲ, ಆ ಕ್ಷಣ ಬರುವ ತನಕ ಅದು ಕಣ್ಣು ಮಿಟುಕಿಸುವುದಿಲ್ಲ.

ಇದೇ ಗುಣ ಕೊನೆಯಲ್ಲೂ ಕೆಲಸಕ್ಕೆ ಬರುತ್ತದೆ. ಸ್ನಬ್ಬರ್ ಹಾಕಿದಿರಿ, ಅಡಾಪ್ಟರ್ ಬದಲಿಸಿದಿರಿ, ಈಗ ರೀಸೆಟ್ ಆಗುತ್ತಿಲ್ಲ. ನಿಜವಾಗಿ ಸರಿಹೋಯಿತಾ, ಇಲ್ಲ ಈ ಸಲ ತಪ್ಪಿಸಿಕೊಂಡಿತಾ? ಅದೇ ಸೆಟ್ಟಿಂಗ್ ಇಟ್ಟು ಸಿಂಗಲ್ ಒತ್ತಿ. ಮೊದಲು ಟ್ರಿಗರ್ ಕೆಲಸ ಮಾಡುತ್ತಿದೆ ಅಂತ ಖಾತ್ರಿ ಮಾಡಿಕೊಳ್ಳಿ, ಅಡಾಪ್ಟರನ್ನು ಕಿತ್ತರೆ 3.3 ಬಿದ್ದು 'ಸ್ಟಾಪ್' ಬರಲೇಬೇಕು. ಬಂದರೆ ಮತ್ತೆ ಅಡಾಪ್ಟರ್ ಹಾಕಿ, ಮತ್ತೆ ಸಿಂಗಲ್ ಒತ್ತಿ, ಪಂಪನ್ನು ಹತ್ತು ನಿಮಿಷಕ್ಕೊಮ್ಮೆ ಆನ್ ಆಫ್ ಆಗುವ ಹಾಗೆ ಬಿಟ್ಟು ನಿಮ್ಮ ಬೇರೆ ಕೆಲಸಕ್ಕೆ ಹೋಗಿ. ಸಂಜೆ ಬಂದು ನೋಡಿದಾಗಲೂ ಮೂಲೆಯಲ್ಲಿ 'ವೇಟ್' ಅಂತಲೇ ಇದ್ದರೆ, ಇಡೀ ದಿನ ಒಂದು ಸಲವೂ ಲೈನು 2.9ರ ಕೆಳಗೆ ಇಳಿದಿಲ್ಲ. ಆಮೇಲೆ ಪ್ರೋಬನ್ನು ಇಎನ್ ಪಿನ್ನಿಗೆ ಹಾಕಿ ಇನ್ನೊಂದು ದಿನ ಹೀಗೇ ಬಿಡಿ. ಅಲ್ಲೂ 'ವೇಟ್' ಉಳಿದರೆ ಬೋರ್ಡನ್ನು ಪೆಟ್ಟಿಗೆಗೆ ಕೂರಿಸಬಹುದು.